ಮೈಯಳತೆಯ ಕೋವಿ

ಮಡಿಕೇರಿಯಲ್ಲಿ ಬಟ್ಟೆ ಹೊಲಿಯುವ ಬೊಳ್ಳವ್ವ, ಹಾರುವ ಮಣ್ಣಿನ ಬಿಲ್ಲೆಗೆ ಗುಂಡು ಹೊಡೆಯುವ ಆಟ ಕಲಿತೇ ತೀರುತ್ತೇನೆಂದು ಕೋವಿ ಅಂಗಡಿಗೆ ಹೋದಳು. ಒಂದೊಂದನ್ನೂ ಹೆಗಲಿಗಿಟ್ಟು ನೋಡಿ, ಯಾರೋ ಬಳಸಿಬಿಟ್ಟ ಅಗ್ಗದ ಕೋವಿ ಆರಿಸಿದಳು.

ಅಲ್ಲೇ ಕೂತಿದ್ದ, ಆ ಆಟದ ಕ್ಲಬ್ಬಿನ ಅಧ್ಯಕ್ಷ ಕುಶಾಲಪ್ಪ ನಕ್ಕ. "ನನ್ನ ವಿಲಾಯತಿ ಕೋವಿ ನೋಡು. ಇಂಥದ್ದಿಲ್ಲದೆ ನಮ್ಮ ಮೈದಾನಕ್ಕೆ ಕಾಲಿಡಬೇಡ."

"ಆಗಲಿ ಅಣ್ಣ. ಗೋಡೆಯ ಆ ಗಡಿಯಾರ ನೋಡಿಕೊಂಡು, ಇಬ್ಬರೂ ಕಣ್ಣು ಮುಚ್ಚಿ, ಖಾಲಿ ಕೋವಿ ಹೆಗಲಿಗೇರಿಸಿ ಅದಕ್ಕೆ ಗುರಿ ಇಡೋಣ. ತಪ್ಪಿದ ಕೋವಿ ಮೈದಾನಕ್ಕೆ ಬರೋದು ಬೇಡ."

ಕುಶಾಲಪ್ಪ ಮೀಸೆ ತಿರುವಿ ಒಪ್ಪಿದ.

ಕಣ್ಣು ಬಿಟ್ಟಾಗ ಬೊಳ್ಳವ್ವನ ಕೋವಿಯ ನಳಿಗೆ ಗಡಿಯಾರದ ಕಡೆಗೇ ಇತ್ತು. ಅವನದು ಸೂರಿನ ಹಲ್ಲಿಯ ಕಡೆಗಿತ್ತು. ಅದರ ಉದ್ದದ ಮರದ ಹಿಡಿ ಅವನ ಕಂಕುಳಲ್ಲಿ ಸಿಕ್ಕಿಕೊಂಡಿತ್ತು.

ಬೊಳ್ಳವ್ವ ಕೊರಳಿನ ಟೇಪು ತೆಗೆದು ಅವನ ತೋಳು ಅಳೆದಳು. "ಕೋವಿ ಬಲು ಚೆನ್ನಾಗಿದೆ ಅಣ್ಣ. ಹೊಲಿಸಿಕೊಂಡೋರು ಬೇರೆ ಯಾರೋ."

ಭಾನುವಾರ ಅವಳು ಮೈದಾನದಲ್ಲಿದ್ದಳು. ವಿಲಾಯತಿ ಕೋವಿ ಬಡಗಿಯ ಮನೆಯಲ್ಲಿತ್ತು.