ಹಡಗಿನ ಒಳಕೋಣೆ

“ಬುದ್ಧಿ, ಮನೆಯವರಿಗೆ ನಾನು ಏನು ತಂದುಕೊಟ್ಟರೂ ಬೇರೆಯವರು ಕೊಟ್ಟಿದ್ದಕ್ಕಿಂತ ಅದು ಕಡಿಮೆಯೇ ಅನ್ನಿಸ್ತದೆ. ಈ ಕೊರಗು ಹೋಗೋದು ಹೇಗೆ?” ಎಂದು ಶಿಷ್ಯ ಗುರುಮಲ್ಲಪ್ಪ ಕೇಳಿದ.

ಅವನು ಸಂಸಾರಸ್ಥ. ಬಿಡುವಾದಾಗ ಮಠಕ್ಕೆ ಬರುತ್ತಿದ್ದ, ಬಂದಾಗಲೆಲ್ಲ ಇಂಥದ್ದೊಂದು ಕೊರಗನ್ನು ಜೊತೆಗೇ ತರುತ್ತಿದ್ದ. ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ರೇಷ್ಮೆ ಸೀರೆ ವ್ಯಾಪಾರಿ ಇದ್ದ. ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳು. ತಾಯಿಗೆ ಹೃದಯದ ಕಾಯಿಲೆ. ಚೆನ್ನಾಗಿ ನಿದ್ದೆ ಮಾಡಿ ವಿಶ್ರಾಂತಿ ತೆಗೆದುಕೊಳ್ಳದಿದ್ದರೆ ಜೀವ ಹೆಚ್ಚು ದಿನ ತಡೆಯುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಆ ತಾಯಿಗೆ ಎಲ್ಲ ಕೆಲಸವೂ ಬರುತ್ತಿತ್ತು, ಸುಮ್ಮನೆ ಮಲಗಿರುವುದೊಂದು ಬರುತ್ತಿರಲಿಲ್ಲ. ಮದುವೆಯಾಗಿ ಬಂದ ಮರುದಿನದಿಂದಲೂ ಕಿಟಕಿ ಬೆಳ್ಳಗಾದರೆ ಸಾಕು, ಎದ್ದುಬಿಡುತ್ತಿದ್ದಳು. ಬಾಗಿಲಿಗೆ ನೀರು ಹಾಕಬೇಕು, ರಂಗೋಲಿ ಬಿಡಬೇಕು, ಉಳಿದವರು ಏಳುವಷ್ಟರಲ್ಲಿ ಹಾಲು ಕಾದಿರಬೇಕು. ಸೊಸೆ ಬಂದಳು, ಕೆಲಸದವಳು ಬಂದಳು, ಅಭ್ಯಾಸ ಮಾತ್ರ ಹೋಗಲಿಲ್ಲ. ಮಗ ಕಿಟಕಿಗೆ ದಪ್ಪ ಪರದೆ ಹಾಕಿಸಿದ. ತಾಯಿ ಪರದೆಯ ಸಂದಿಯ ಕಡೆಗೆ ಮುಖ ಮಾಡಿ ಮಲಗಿದಳು. ಮಗ ರೇಗಿದ, ಕಾಲು ಹಿಡಿದುಕೊಂಡ. ಆಗಲಿ ಎಂದಳು, ಮಾರನೆಯ ದಿನವೂ ಎದ್ದಳು.

ಮನೆ ಬಿಟ್ಟು ದೂರ ಕರೆದುಕೊಂಡು ಹೋದರೇ ಇದಕ್ಕೆ ದಾರಿ ಎಂದು ಅವನಿಗೆ ಹೊಳೆಯಿತು. ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಸಂಸಾರ ಸಮೇತ ಹಡಗಿನಲ್ಲಿ ಪ್ರವಾಸ ಹೊರಟಿದ್ದ. ಹಡಗಿನಲ್ಲಿ ಬಾಗಿಲಿಗೆ ನೀರು ಹಾಕುವಂತಿಲ್ಲ, ಒಲೆ ಹಚ್ಚುವಂತಿಲ್ಲ. ನಾವೂ ಬರುತ್ತೇವೆ ಎಂದು ವ್ಯಾಪಾರಿ ಹೇಳಿಬಿಟ್ಟ.

ಟಿಕೆಟ್ ಮಾಡಿಸುವ ಕಡೆ, ಸಮುದ್ರ ಕಾಣುವ ಕಿಟಕಿ ಇರುವ ಕೋಣೆ ಬೇಕೋ, ಹಡಗಿನ ಹೊಟ್ಟೆಯೊಳಗಿರುವ ಕಿಟಕಿಯಿಲ್ಲದ ಕೋಣೆ ಬೇಕೋ ಎಂದು ಕೇಳಿದರು. ಷಡ್ಡಕ ಕಿಟಕಿಯದ್ದನ್ನು ಹಿಡಿದ. ನಮ್ಮ ವ್ಯಾಪಾರಿ ಹಿಂದೆಮುಂದೆ ನೋಡದೆ ಒಳಗಿನದೇ ಇರಲಿ ಎಂದ. ಯಾಕೆ ಗೊತ್ತೇ? ಅಂಗಡಿಯ ಬುದ್ಧಿ. ಬಿಸಿಲು ಬಿದ್ದರೆ ರೇಷ್ಮೆಯ ಬಣ್ಣ ಹೋಗುತ್ತದೆ. ಅವನ ಅಪ್ಪನ ಕಾಲದಿಂದಲೂ ಮದುವೆ ಸೀರೆಗಳಿಗೆ ಜಾಗ ಕಿಟಕಿಯಿಲ್ಲದ ಒಳಕೋಣೆಯೇ. ಗಾಜಿನ ಪಕ್ಕದಲ್ಲಿ ನೇತುಹಾಕುವುದು ದಾರಿಹೋಕರಿಗೆ ತೋರಿಸುವ ಸಾಧಾರಣ ಮಾಲು. ಬೆಲೆಬಾಳುವುದು ಒಳಗಿರಬೇಕು ಎಂಬುದು ಅವನ ರಕ್ತದಲ್ಲೇ ಇತ್ತು. ಹಾಗಾಗಿ ಹೆಂಡತಿ ಮಕ್ಕಳನ್ನು ಸೀರೆಗಳಂತೆ ಒಳಗಿಟ್ಟ. ನಗು ಬಂದರೆ ನಕ್ಕುಬಿಡು, ಪರವಾಗಿಲ್ಲ.

ಹಡಗು ಹತ್ತಿದರು. ಕೋಣೆಯ ಗೋಡೆಗೆ ಒಂದು ಚೆಂದದ ಪರದೆ ಇತ್ತು. ಹೆಂಡತಿ ಆಸೆಯಿಂದ ಹೋಗಿ ಅದನ್ನು ಸರಿಸಿದಳು. ಹಿಂದೆ ಇದ್ದದ್ದು ಬರೀ ಗೋಡೆ.

“ಸಮುದ್ರ ತೋರಿಸ್ತೀನಿ ಅಂತ ಕರ್ಕೊಂಡು ಬಂದು ಗೋಡೆ ತೋರಿಸ್ತಿದ್ದೀರಲ್ಲ. ಅಕ್ಕನ ಮುಂದೆ ನಾನು ಹೇಗೆ ಮುಖ ಎತ್ತಲಿ?” ಎಂದಳು.

ಮಕ್ಕಳು ಆಗಲೇ ದೊಡ್ಡಮ್ಮನ ಕೋಣೆಗೆ ಓಡಿ, ಅಲ್ಲಿಯ ಕಿಟಕಿಗೆ ಮೂಗು ಒತ್ತಿಕೊಂಡು ನಿಂತಿದ್ದರು. ವ್ಯಾಪಾರಿಗೆ ತಾನು ಮಾಡಿದ್ದು ಎಂಥ ಪೆದ್ದುತನ ಎಂದು ಆಗ ತಿಳಿಯಿತು. ಸೀರೆಗೆ ಕಣ್ಣಿಲ್ಲ, ಹೆಂಡತಿ ಮಕ್ಕಳಿಗೆ ಇದೆ. ಹಡಗಿನವರಲ್ಲಿ ಹೋಗಿ ಬೇರೆ ಕೋಣೆ ಕೊಡಿ ಎಂದು ಅಂಗಲಾಚಿದ. ಒಂದೂ ಖಾಲಿ ಇರಲಿಲ್ಲ. ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವನೂ ನಾಚಿಕೆಯಲ್ಲೇ ಕಣ್ಣು ಮುಚ್ಚಿದ.

ಎಚ್ಚರವಾದಾಗ ಕೋಣೆ ಕತ್ತಲೆಯಾಗಿತ್ತು. ಗಡಿಯಾರ ನೋಡಿದರೆ ತಿಂಡಿಯ ಹೊತ್ತು ಮೀರಿತ್ತು. ಪಕ್ಕದ ಮಂಚದಲ್ಲಿ ತಾಯಿ ಅಲುಗಾಡದೆ ಮಲಗಿದ್ದಳು. ಹುಟ್ಟಿದಾಗಿನಿಂದ ಅವನು ತಾಯಿ ಮಲಗಿದ್ದನ್ನು ಹಗಲಿನಲ್ಲಿ ಕಂಡವನಲ್ಲ. ಹೆಂಡತಿಯನ್ನು ಎಬ್ಬಿಸಿದ. ಅವಳೂ ನೋಡಿ ಬಾಯಿಗೆ ಸೆರಗು ಹಿಡಿದಳು. ಮುಟ್ಟಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಕೊನೆಗೆ ಅವನು ಬೆರಳನ್ನು ತಾಯಿಯ ಮೂಗಿನ ಹತ್ತಿರ ತಂದ.

ಉಸಿರು ಬಿಸಿಯಾಗಿತ್ತು. ಸಣ್ಣಗೆ ಗೊರಕೆಯೂ ಇತ್ತು. ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತ. ಅಷ್ಟು ಹಗುರವಾಗಿ ಅವನು ಎಂದೂ ಅತ್ತಿರಲಿಲ್ಲ. ಬೆಳ್ಳಗಾಗಲು ಕಿಟಕಿಯೇ ಇರಲಿಲ್ಲ, ಆದ್ದರಿಂದ ತಾಯಿ ಎದ್ದಿರಲಿಲ್ಲ, ಅಷ್ಟೇ.

ಸದ್ದಿಗೆ ಮುದುಕಿ ಅರೆಗಣ್ಣು ತೆರೆದಳು. “ಬೆಳಗಾಯ್ತೇನೋ?” ಎಂದಳು.

ಹೊರಗೆ ಸೂರ್ಯ ನೆತ್ತಿಯತ್ತ ಹೊರಟಿದ್ದ. “ಇನ್ನೂ ಇಲ್ಲ, ಮಲಕ್ಕೊಳ್ಳವ್ವ” ಎಂದ ಮಗ. ಅವಳು ಮಗ್ಗುಲು ಬದಲಿಸಿ ಮತ್ತೆ ನಿದ್ದೆಹೋದಳು.

ಅಷ್ಟರಲ್ಲಿ ಹೆಂಡತಿಯ ಅಕ್ಕ ಬಾಗಿಲಿಗೆ ಬಂದಳು. ತಂಗಿಯ ಸಂಕಟ ನೋಡಲಾರದೆ, ನಮ್ಮ ಕಿಟಕಿ ಕೋಣೆ ನೀವು ತೆಗೆದುಕೊಳ್ಳಿ, ಇಲ್ಲಿ ನಾವಿರುತ್ತೇವೆ ಎಂದು ಹೇಳಲು ಬಂದಿದ್ದಳು. ಹಿಂದಿನ ದಿನ ಅದಕ್ಕಾಗಿಯೇ ಮುನಿಸಿಕೊಂಡು ಮಲಗಿದ್ದ ತಂಗಿ ತುಟಿಯ ಮೇಲೆ ಬೆರಳಿಟ್ಟು ಅಕ್ಕನನ್ನು ಹೊರಗೆ ಕರೆದೊಯ್ದಳು. ಬೇಡ ಅಕ್ಕ, ನಮಗೆ ಇದೇ ಇರಲಿ ಎಂದಳು. ರಾತ್ರಿ ದೊಡ್ಡಮ್ಮನ ಕೋಣೆಯಲ್ಲೇ ಮಲಗಿ ಬಂದ ಮಕ್ಕಳನ್ನೂ ಒಳಗೆ ಬಿಡದೆ ಮೇಲಕ್ಕೆ ಕಳಿಸಿದಳು. ಆಮೇಲೆ ಗಂಡನ ಪಕ್ಕ ಬಂದು ಕೂತಳು. ಕತ್ತಲೆಯಲ್ಲಿ ಇಬ್ಬರೂ ಆ ಗೊರಕೆಯನ್ನು ಕೇಳುತ್ತ ಕೂತರು.

ಮಧ್ಯಾಹ್ನದ ಮೇಲೆ ತಾಯಿ ತಾನಾಗಿಯೇ ಎದ್ದಳು. ಮುಖ ತಿಳಿಯಾಗಿತ್ತು. ಎಲ್ಲರೂ ಅವಳನ್ನು ಹಡಗಿನ ಮೇಲಕ್ಕೆ ಕರೆದುಕೊಂಡು ಹೋದರು. ಕಣ್ಣು ಹಾಯುವವರೆಗೂ ಸಮುದ್ರವಿತ್ತು. ಅವಳು ಒಂದಿಷ್ಟು ಹೊತ್ತು ನೋಡಿ, ಎಷ್ಟೊಂದು ನೀರು ಎಂದು ಮೆಚ್ಚಿ, ಮಕ್ಕಳು ಊಟ ಮಾಡಿದರೇ ಎಂದು ವಿಚಾರಿಸಿದಳು. ಪ್ರವಾಸ ಮುಗಿಯುವವರೆಗೂ ಆ ಕೋಣೆಯಲ್ಲಿ ಬೆಳಗಾಗಿದೆ ಎಂದು ಯಾರೂ ಅವಳಿಗೆ ಹೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಗುರುಮಲ್ಲಪ್ಪನ ಮುಖ ಅರಳಿತ್ತು. ಎದೆಯ ಭಾರ ಇಳಿದವನಂತೆ ದೊಡ್ಡದಾಗಿ ಉಸಿರುಬಿಟ್ಟ.

“ನಿಜ ಬುದ್ಧಿ. ಅವನು ಕಡಿಮೆ ಅಂತ ಕೊರಗಿದ ಕೋಣೆಯೇ ಅವನ ಮನೆಯವರಿಗೆ ದೊಡ್ಡದಾಯ್ತು. ಇನ್ನು ನಾನು ಕೊರಗೋದಿಲ್ಲ” ಎಂದು ಕೈಮುಗಿದು ಮೇಲೆದ್ದ.

ಗುರುಗಳು ಕೇಳಿದರು: “ನಿನ್ನ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರಪ್ಪ?”

ಗುರುಮಲ್ಲಪ್ಪ ಮತ್ತೆ ಕೂತ. ತಾನು ಏಳುವಷ್ಟರಲ್ಲಿ ದಿನವೂ ಹಾಲು ಕಾದಿರುತ್ತಿತ್ತು, ಕಾಯಿಸುವವರು ಯಾರೆಂದು ಅವನು ನೋಡಿರಲಿಲ್ಲ.