ಅಪ್ಪನ ಕತ್ತಿಯ ಹಿಡಿ

“ಅಜ್ಜಾರೇ, ಕ್ಷಮಿಸಿ ಮುಗಿಸಿದ ಮೇಲೂ ಸಿಟ್ಟು ಮತ್ತೆ ಯಾಕೆ ಹುಟ್ಟುತ್ತದೆ?”

ಕೇಳಿದವನು ಗುರುಪಾದಯ್ಯ, ಮಠದ ಶಿಷ್ಯ. ಅವನ ತಾಯಿ ಸಾಯುವಾಗ ಅಣ್ಣ ಅವನಿಗೆ ಸುದ್ದಿ ಕಳಿಸಿರಲಿಲ್ಲ. ಮಣ್ಣಾದ ಮೇಲೆ ತಿಳಿಯಿತು. ಅಂದು ಊರು ಬಿಟ್ಟವನು ಅಣ್ಣನ ಮುಖ ನೋಡಿರಲಿಲ್ಲ. ಈಗ ಆ ಅಣ್ಣ ಹಾಸಿಗೆ ಹಿಡಿದಿದ್ದ. ತಮ್ಮನನ್ನು ಒಮ್ಮೆ ನೋಡಬೇಕು ಎಂದು ಹೇಳಿ ಕಳಿಸಿದ್ದ. ಮಾತು ತಂದವನು ಹೊರಗಿನ ಕಟ್ಟೆಯ ಮೇಲೆ ಉತ್ತರಕ್ಕೆ ಕಾಯುತ್ತಿದ್ದ.

ಗುರುಪಾದಯ್ಯ ತನ್ನ ಕಷ್ಟ ಹೇಳಿಕೊಂಡ. ಉಪವಾಸವಿದ್ದು, ಗದ್ದುಗೆಯ ಮುಂದೆ ಕೂತು, ಅಣ್ಣನನ್ನು ಮನಸಾರೆ ಕ್ಷಮಿಸಿದ್ದು ಒಂದು ಸಲವಲ್ಲ. ಪ್ರತಿ ಸಲವೂ ಮನಸ್ಸು ತಿಳಿಯಾಗುತ್ತದೆ. ವಾರ ತುಂಬುವುದರೊಳಗೆ ಅದೇ ಸಿಟ್ಟು ಮತ್ತೆ ತಲೆ ಎತ್ತುತ್ತದೆ. ಇಂಥ ಮನಸ್ಸು ಹೊತ್ತುಕೊಂಡು ಸಾಯುವವನ ಮುಂದೆ ಹೇಗೆ ನಿಲ್ಲಲಿ ಎಂದ.

ಮಠದ ಹಿರಿಯರಾದ ಅಜ್ಜನವರಿಗೆ ಸಿಡುಕು ಮೂಗಿನ ತುದಿಯಲ್ಲೇ ಇರುತ್ತಿತ್ತು. ಉಪವಾಸ ಮಾಡಿ ಮಾಡಿ ಹೊಟ್ಟೆ ಬೆನ್ನಿಗೆ ಹತ್ತಿದೆ, ಬುದ್ಧಿ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ ಎಂದು ಗೊಣಗಿದರು. ಮೊದಲು ಹೊರಗೆ ಕೂತವನಿಗೆ ಮಜ್ಜಿಗೆ ಕೊಡಿಸಿ ಬಾ ಎಂದರು. ಗುರುಪಾದಯ್ಯ ಮರಳಿ ಬಂದು ಕೂತ ಮೇಲೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಕ್ಷೌರಿಕನಿದ್ದ. ಅವನ ಅಪ್ಪನೂ ಕ್ಷೌರಿಕ. ಅಪ್ಪನ ಬಳಿ ಒಂದು ಮಡಿಚುವ ಕತ್ತಿ ಇತ್ತು. ಬ್ಲೇಡು ಬರುವ ಮುಂಚಿನ ಕಾಲದ್ದು. ಒಳ್ಳೆಯ ಉಕ್ಕು. ಚರ್ಮದ ಪಟ್ಟಿಯ ಮೇಲೆ ಎಳೆದು ಕೆನ್ನೆಗೆ ಇಟ್ಟರೆ ಇಟ್ಟದ್ದೇ ತಿಳಿಯುತ್ತಿರಲಿಲ್ಲ. ಅದರ ಹಿಡಿ ಜೇನಿನ ಬಣ್ಣದ್ದು. ಎರಡು ಪಟ್ಟಿಗಳ ನಡುವೆ ಅಲಗು ಮಡಿಚಿ ಕೂರುತ್ತಿತ್ತು. ಅಪ್ಪನ ಹೆಬ್ಬೆರಳು ಊರಿ ಊರಿ ಹಿಡಿಯಲ್ಲಿ ಒಂದು ತಗ್ಗು ಬಿದ್ದಿತ್ತು.

ಅಪ್ಪ ಸಾಯುವಾಗ ಮಗನನ್ನು ಹತ್ತಿರ ಕರೆದ. ಮುಂದೆ ನಿನಗೆ ಮೊಮ್ಮಗ ಹುಟ್ಟಿದರೆ ಅವನ ಜವಳವನ್ನು ಈ ಕತ್ತಿಯಿಂದಲೇ ತೆಗೆ ಎಂದ. ಬೇರೆ ಏನನ್ನೂ ಕೇಳಲಿಲ್ಲ. ಮಗ ಅಪ್ಪನ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟ. ಜವಳ ಎಂದರೆ ಮಗುವಿನ ಹುಟ್ಟುಗೂದಲು. ಅದನ್ನು ತೆಗೆಯುವುದು ಒಮ್ಮೆ ಮಾತ್ರ. ತಪ್ಪಿದರೆ ತಪ್ಪಿದಂತೆಯೇ.

ಅಪ್ಪ ಹೋದ ಮೇಲೆ ಮಗ ಆ ಕತ್ತಿಯನ್ನು ಊರವರ ಗಡ್ಡಕ್ಕೆ ಹಿಡಿಯಲಿಲ್ಲ. ಮಡಿಚಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ದೇವರ ಗೂಡಿನಲ್ಲಿಟ್ಟ. ಹಬ್ಬಕ್ಕೊಮ್ಮೆ ಬಟ್ಟೆ ಬಿಡಿಸಿ ಕೈಮುಗಿಯುತ್ತಿದ್ದ. ಆಗ ಕರ್ಪೂರದ ವಾಸನೆ ಬರುತ್ತಿತ್ತು. ಅಲ್ಲಿ ಕರ್ಪೂರ ಇಟ್ಟವರು ಯಾರೂ ಇಲ್ಲ. ಅಪ್ಪ ಇನ್ನೂ ಇಲ್ಲೇ ಇದ್ದಾನೆ ಎಂದು ಅವನ ಕಣ್ಣು ತುಂಬುತ್ತಿತ್ತು. ನಗಬೇಡ. ಅವನ ಜಾಗದಲ್ಲಿ ನೀನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಕಾಲ ಬಂತು. ಮೊಮ್ಮಗ ಹುಟ್ಟಿದ. ಕ್ಷೌರಿಕ ಸಂತೋಷದಿಂದ ಕತ್ತಿಯನ್ನು ಬಿಚ್ಚಿದ. ಅಲಗಿನ ಉದ್ದಕ್ಕೂ ತುಕ್ಕು ಹಿಡಿದಿತ್ತು. ಪೇಟೆಯ ಸಾಣೆಗಾರನ ಬಳಿಗೆ ಓಡಿದ.

ಸಾಣೆಗಾರ ಅದನ್ನು ತಿರುಗುವ ಸಾಣೆಗೆ ಕೊಡಲಿಲ್ಲ. ಕಾವು ಹತ್ತಿದರೆ ಹಳೆಯ ಉಕ್ಕಿನ ಗಟ್ಟಿತನ ಹೋಗುತ್ತದೆ. ಎಣ್ಣೆ ಬಿಟ್ಟು ಕೈಯಲ್ಲೇ ಉಜ್ಜಿದ. ಒದ್ದೆ ಕಲ್ಲಿನ ಮೇಲೆ ಮಸೆದ. ಕತ್ತಿ ಮೊದಲಿನಂತಾಯಿತು. ಮರಳಿ ಕೊಡುವಾಗ ಒಂದು ಮಾತು ಹೇಳಿದ. ಕತ್ತಿಯದು ಏನೂ ತಪ್ಪಿಲ್ಲ, ಹಿಡಿಯನ್ನು ಬದಲಿಸು. ಇದು ಕರ್ಪೂರ ಬೆರೆಸಿ ಮಾಡಿದ ಹಳೆಯ ಕಾಲದ ಪ್ಲಾಸ್ಟಿಕ್ಕಿನಂಥ ಹಿಡಿ. ವಯಸ್ಸಾಗಿ ಒಳಗೊಳಗೇ ಕೆಡುತ್ತಿದೆ. ಇದರಿಂದ ಏಳುವ ಆವಿಯೇ ಉಕ್ಕನ್ನು ತಿನ್ನುತ್ತಿದೆ ಎಂದ.

ಕ್ಷೌರಿಕನಿಗೆ ಮೈಯೆಲ್ಲ ಉರಿಯಿತು. ಅಪ್ಪನ ಬೆರಳಿನ ಗುರುತಿರುವ ಹಿಡಿಯನ್ನು ಕೆಟ್ಟದ್ದು ಎನ್ನುವುದೇ? ಇವನಿಗೆ ತನ್ನ ಹೊಸ ಹಿಡಿ ಮಾರುವ ಆಸೆ ಎಂದುಕೊಂಡ. ಕತ್ತಿಯನ್ನು ಅದೇ ಹಿಡಿಯಲ್ಲಿ ಮಡಿಚಿ, ಅದೇ ಬಟ್ಟೆಯಲ್ಲಿ ಸುತ್ತಿ, ಅದೇ ಗೂಡಿನಲ್ಲಿಟ್ಟ.

ಸ್ವಲ್ಪ ಕಾಲದ ಮೇಲೆ ನೋಡಿದರೆ ಮತ್ತೆ ತುಕ್ಕು. ನೀನೇ ಒದ್ದೆ ಕೈಯಲ್ಲಿ ಮುಟ್ಟಿದೆ ಎಂದು ಹೆಂಡತಿಯ ಮೇಲೆ ಹರಿಹಾಯ್ದ. ಪಾಪ, ಆ ಹೆಂಗಸು ಗೂಡಿನ ಕಡೆ ಸುಳಿದೂ ಇರಲಿಲ್ಲ. ಮತ್ತೆ ಸಾಣೆಗಾರನ ಬಳಿ ಹೋದ. ಅವನು ಮತ್ತೆ ಉಜ್ಜಿದ, ಮತ್ತೆ ಮಸೆದ. ಇನ್ನೊಮ್ಮೆಯೂ ಹೀಗೇ ಆಯಿತು. ತುಕ್ಕು ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ, ಒಂದಿಷ್ಟು ಉಕ್ಕನ್ನೂ ಕರೆದುಕೊಂಡು ಹೋಗುತ್ತದೆ. ಅಲಗು ತೆಳುವಾಗುತ್ತ ಬಂತು.

ಸಾಣೆಗಾರನಿಗೆ ಸಂಕಟವಾಯಿತು. ಅಂಥ ಉಕ್ಕು ಕಣ್ಣ ಮುಂದೆ ಸವೆಯುವುದನ್ನು ನೋಡಲಾಗಲಿಲ್ಲ. ಯಾರೂ ಕೇಳದೆ ತಾನೇ ಹೊಸ ಹಿಡಿ ಮಾಡಿದ. ಎಮ್ಮೆಯ ಕೊಂಬನ್ನು ಕುದಿನೀರಿನಲ್ಲಿ ಮೆತ್ತಗೆ ಮಾಡಿ, ಹಲಗೆಗಳ ನಡುವೆ ಒತ್ತಿಟ್ಟು ಚಪ್ಪಟೆ ಮಾಡಿದ. ಎರಡು ಪಟ್ಟಿ ಕೊಯ್ದು, ಅರದಿಂದ ತಿದ್ದಿ, ಬೂದಿ ಹಾಕಿ ತಿಕ್ಕಿ ಹೊಳಪು ತಂದ. ಮಡಿಚಿದಾಗ ಅಲಗು ಯಾವ ಪಟ್ಟಿಗೂ ತಾಕದೆ ನಡುವೆ ಬೀಳಬೇಕು. ಅಷ್ಟು ನೋಡಿ ಮಾಡಿದ. ಕ್ಷೌರಿಕ ಬಂದಾಗ ಅದನ್ನು ಅವನ ಮುಂದಿಟ್ಟ.

“ನಿನ್ನ ಹಳೆಯ ಹಿಡಿಯನ್ನು ಬಿಸಾಡು ಎನ್ನುವುದಿಲ್ಲ. ಬೇರೆ ಇಟ್ಟುಕೋ, ಪೂಜೆ ಮಾಡು. ಕತ್ತಿಯನ್ನು ಮಾತ್ರ ಅದರಲ್ಲಿ ಮಡಿಚಬೇಡ.”

“ಈ ಹಿಡಿ ಬಿಚ್ಚಿದರೆ ನಮ್ಮಪ್ಪನ ಕೈಯನ್ನೇ ಕತ್ತರಿಸಿದ ಹಾಗೆ. ನಿನ್ನ ಕೆಲಸ ತುಕ್ಕು ತೆಗೆಯುವುದು. ಅಷ್ಟು ಮಾಡು.”

ಸಾಣೆಗಾರ ಅಷ್ಟೇ ಮಾಡಿದ. ಇನ್ನು ಉಜ್ಜಲು ಇದರಲ್ಲಿ ಉಕ್ಕಿಲ್ಲ ಎಂದು ಹೇಳಿ ಕೊಟ್ಟ. ಕ್ಷೌರಿಕ ಹೆದರಿದ. ಹೆದರಿದವನು ಏನು ಮಾಡಬೇಕಿತ್ತು? ದಿನವೂ ಬಿಚ್ಚಿ, ಒರೆಸಿ, ಗಾಳಿಗೆ ಹಿಡಿಯಬೇಕಿತ್ತು. ಅದು ಅವನಿಗೆ ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಕತ್ತಿಯ ನಡುವೆ ಬೆಳೆದವನು. ಗೊತ್ತಿತ್ತು. ತನ್ನ ದಿನದ ಕತ್ತಿಯನ್ನು ಹಾಗೇ ನೋಡಿಕೊಳ್ಳುತ್ತಿದ್ದ. ಆದರೆ ಇದು ಅಪ್ಪನದು. ಜವಳದ ದಿನದವರೆಗೆ ಇದನ್ನು ಬಿಚ್ಚುವುದಿಲ್ಲ ಎಂದು ಹರಕೆ ಹೊತ್ತು, ಬಟ್ಟೆಗೆ ಗಂಟು ಹಾಕಿ, ಗೂಡಿನಲ್ಲಿಟ್ಟುಬಿಟ್ಟ. ಭಕ್ತಿ ಹೆಚ್ಚಾದಾಗ ಮನುಷ್ಯ ತನ್ನ ಕಸುಬನ್ನೂ ಮರೆಯುತ್ತಾನೆ.

ಜವಳದ ದಿನ ನೆಂಟರೆಲ್ಲ ಸೇರಿದರು. ಸೋದರಮಾವ ಮೊದಲ ಕೂದಲು ಕತ್ತರಿಸಿ ವೀಳ್ಯದೆಲೆಯ ಮೇಲಿಟ್ಟ. ತಾಯಿ ಮಗುವಿನ ತಲೆಯನ್ನು ಒದ್ದೆ ಮಾಡಿ ತೊಡೆಯ ಮೇಲೆ ಕೂರಿಸಿಕೊಂಡಳು. ಕ್ಷೌರಿಕ ಗಂಟು ಬಿಚ್ಚಿದ. ಕರ್ಪೂರದ ವಾಸನೆ ಮನೆಯೆಲ್ಲ ತುಂಬಿತು. ಹಿರಿಯರು ಕೈಮುಗಿದರು.

ಅವನು ಕತ್ತಿ ಬಿಡಿಸಿದ. ಅಲಗಿನ ಅಂಚನ್ನು ಇಲಿ ಕಡಿದ ಹಾಗಿತ್ತು. ಗಡಬಡಿಸಿ ಚರ್ಮದ ಪಟ್ಟಿಯ ಮೇಲೆ ಎಳೆದ. ಉಕ್ಕು ಇನ್ನಷ್ಟು ಉದುರಿತು. ತನ್ನ ಮುಂಗೈಯ ಮೇಲೆ ಹಿಡಿದು ನೋಡಿದ. ಕೂದಲು ಬರಲಿಲ್ಲ, ಚರ್ಮ ಸೀಳಿ ರಕ್ತ ಬಂತು. ಅದನ್ನು ಕಂಡು ತಾಯಿ ಮಗುವಿನ ತಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅವನ ದಿನದ ಕತ್ತಿ ಅಲ್ಲೇ ಪೆಟ್ಟಿಗೆಯಲ್ಲಿತ್ತು. ಅದನ್ನು ಹಿಡಿಯಲು ಕೈ ಏಳಲಿಲ್ಲ. ಮುಹೂರ್ತ ಮೀರುತ್ತಿತ್ತು. ಕೊನೆಗೆ ನೆಂಟರಲ್ಲಿ ಬೇರೊಬ್ಬ ಎದ್ದು, ಅಂಗಡಿಯ ಬ್ಲೇಡು ತರಿಸಿ, ಮಗುವಿನ ಜವಳ ತೆಗೆದ. ಅಜ್ಜನಾದವನು ಗೋಡೆಗೆ ಮುಖ ಮಾಡಿ ಕೂತು, ಅಪ್ಪಾ, ನಿನಗೆ ಕೊಟ್ಟ ಮಾತು ತಪ್ಪಿದೆ ಎಂದು ಬಿಕ್ಕಿ ಬಿಕ್ಕಿ ಅತ್ತ. ನೆಂಟರು ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ.

ಮರುದಿನ ಅವನೇ ಸಾಣೆಗಾರನ ಬಳಿ ಹೋಗಿ, ಆ ಕೊಂಬಿನ ಹಿಡಿಯನ್ನು ಹಾಕಿಕೊಡು ಎಂದ. ಸಾಣೆಗಾರ ಬೈಯಲಿಲ್ಲ. ಹಿಡಿ ಇದೆ, ಅದಕ್ಕೆ ಕೂರಿಸಲು ಕತ್ತಿ ಉಳಿದಿಲ್ಲ ಎಂದು ಹೇಳಿ ತನ್ನ ಕೆಲಸಕ್ಕೆ ಹೊರಳಿದ.

ಅಜ್ಜನವರು ಇಷ್ಟು ಹೇಳಿ ನಿಲ್ಲಿಸಿದರು. ಗುರುಪಾದಯ್ಯನ ಮನಸ್ಸು ಆ ಕ್ಷೌರಿಕನಿಗಾಗಿ ಮರುಗುತ್ತಿತ್ತು.

“ಅವನು ಮಾಡಿದ್ದೆಲ್ಲ ಅಪ್ಪನ ಮೇಲಿನ ಪ್ರೀತಿಯಿಂದಲೇ ಅಲ್ಲವೇ, ಅಜ್ಜಾರೇ?”

“ಹೌದು ತಮ್ಮಾ, ನಿನ್ನೆ ಪ್ರಸಾದಕ್ಕೆ ಕೂತ ಪರವೂರಿನವರ ಮುಂದೆ, ನನ್ನಣ್ಣ ನನಗೆ ತಾಯಿಯ ಮುಖ ತೋರಿಸಲಿಲ್ಲ ಎಂದು ನೀನು ಮತ್ತೊಮ್ಮೆ ಹೇಳಿ ಅತ್ತದ್ದೂ ತಾಯಿಯ ಮೇಲಿನ ಪ್ರೀತಿಯಿಂದಲೇ.”

ಗುರುಪಾದಯ್ಯ ಎದ್ದು, ಹೊರಗಿನ ಕಟ್ಟೆಯ ಮೇಲೆ ಕಾಯುತ್ತಿದ್ದವನ ಕಡೆಗೆ ನಡೆದ.