ನಿಂಬೆಹಣ್ಣಿಗೆ ನಿಂತ ಕಾರು

"ಬುದ್ಧಿ, ಚಾಲಕನಿಲ್ಲದೆ ತಾನೇ ಓಡುವ ಕಾರು ರಸ್ತೆಗೆ ಇಳಿಯಲು ಸಿದ್ಧವಾಗಿದೆ ಎಂದು ಹೇಗೆ ತಿಳಿಯುವುದು?" ಎಂದು ಮಹಾಲಿಂಗ ಮಠದ ಗುರುಗಳನ್ನು ಕೇಳಿದ.

ಮಹಾಲಿಂಗ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಬೆಳೆದವನು. ಈಗ ಅಂಥ ಕಾರುಗಳನ್ನು ಮಾಡುವ ಒಂದು ಕಂಪನಿಯಲ್ಲಿ ಪರೀಕ್ಷಕನಾಗಿದ್ದ. ಕಾರನ್ನು ಊರಿನ ರಸ್ತೆಗೆ ಬಿಡಬಹುದು ಎಂಬ ಕಾಗದಕ್ಕೆ ಅವನು ಸಹಿ ಹಾಕಬೇಕಿತ್ತು. ಸೋಮವಾರ ಕೊನೆಯ ದಿನ. ಕಾಗದ ಅವನ ಚೀಲದಲ್ಲೇ ಇತ್ತು.

"ನಿನಗೇನು ಅನ್ನಿಸುತ್ತದೆ?" ಎಂದರು ಗುರುಗಳು.

"ಸಿದ್ಧವಾಗಿದೆ ಬುದ್ಧಿ. ಎರಡು ವರ್ಷದಿಂದ ಓಡಿಸಿ ನೋಡಿದ್ದೇವೆ, ಒಂದು ಇರುವೆಗೂ ಪೆಟ್ಟಾಗಿಲ್ಲ. ಮೊದಮೊದಲು ವಿನಾಕಾರಣ ನಿಂತುಬಿಡುತ್ತಿತ್ತು. ಹಿಂದಿನ ಗಾಡಿಯವರು ಬೈಯುತ್ತಿದ್ದರು. ಹೋದ ತಿಂಗಳು ಅದನ್ನೂ ಸರಿಪಡಿಸಿದೆವು. ಆದರೆ ಸಹಿ ಹಾಕಲು ಹೋದರೆ ಕೈಯೇ ಏಳುವುದಿಲ್ಲ."

"ನಾವು ಓದಿಸಿದ್ದು ನಿನ್ನ ತಲೆಯನ್ನು. ಕಲಿತದ್ದು ಕೈ ಎಂದು ಕಾಣುತ್ತದೆ" ಎಂದು ಗುರುಗಳು ನಕ್ಕರು. "ಕೂತುಕೊ. ಒಂದು ಕತೆ ಹೇಳುತ್ತೇನೆ."

ಮಹಾಲಿಂಗ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಯಂತ್ರಕಾರನಿದ್ದ. ಅವನೂ ನಿನ್ನಂತೆಯೇ ಜಾಣ. ಚಾಲಕನಿಲ್ಲದ ಕಾರು ಮಾಡಬೇಕೆಂದು ಹಟ ಹಿಡಿದು ಕೂತಿದ್ದ. ಒಬ್ಬ ವ್ಯಾಪಾರಿ ಅವನ ಬೆನ್ನಿಗೆ ನಿಂತ. ಊರ ಹೊರಗೆ ಒಂದು ಬಯಲಿಗೆ ಬೇಲಿ ಹಾಕಿಸಿಕೊಟ್ಟ. ಕಾರು ತಯಾರಾಯಿತು. ಆದರೆ ಅದು ಹುಟ್ಟಿದ ಕೂಸು, ಅದಕ್ಕೆ ಏನೂ ಗೊತ್ತಿಲ್ಲ. ಕಲಿಸುವುದಕ್ಕೆ ಒಬ್ಬ ಚಾಲಕನನ್ನು ಕರೆದುಕೊಂಡು ಬಂದರು. ಮೂವತ್ತೆಂಟು ವರ್ಷ ಬಸ್ಸು ಓಡಿಸಿ ಮನೆಯಲ್ಲಿ ಕೂತಿದ್ದ ಮುದುಕ.

ಅವನ ಕೆಲಸ ಏನು ಗೊತ್ತೆ? ಕಾರಿನ ಮುಂದೆ ಅಡ್ಡ ನಡೆಯುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ. ಕೈ ಎತ್ತಿ ನಡೆದ. ಕೈ ಎತ್ತದೆ ನಡೆದ. ಕೊಡೆ ಹಿಡಿದು ನಡೆದ. ತಲೆಯ ಮೇಲೆ ಮೂಟೆ ಹೊತ್ತು ನಡೆದ, ಕುಂಟಿದ, ಒಮ್ಮೆ ಅಂಬೆಗಾಲಿಟ್ಟ. ಯಾರದೋ ಮೇಕೆ ತಂದು ಅದನ್ನು ಎಳೆದುಕೊಂಡು ಹೋದ. ಮೊದಲ ತಿಂಗಳಲ್ಲಿ ಎರಡು ಸಲ ಕಾರು ಅವನ ಮೊಣಕಾಲಿಗೆ ತಾಗಿತು. ಬಸ್‌ ನಿಲ್ದಾಣದಲ್ಲಿ ಕಲಿತ ಬೈಗುಳವನ್ನೆಲ್ಲ ಅವನು ಅದಕ್ಕೆ ಬೈದ. ಆಮೇಲೆ ಅದು ಅವನಿಗೆ ತಾಗಲಿಲ್ಲ.

ಅವನು ಕಾರಿಗೆ ಕಲಿಸಿದ್ದು ಒಂದೇ ಮಾತು. ದಾರಿಯಲ್ಲಿ ಏನಾದರೂ ಇದ್ದರೆ ಮೊದಲು ನಿಲ್ಲು, ಅದು ಏನೆಂದು ಆಮೇಲೆ ನೋಡು. ಯಂತ್ರಕಾರ ಆ ಮಾತನ್ನು ಕಾರಿಗೆ ತಿಳಿಯುವ ಭಾಷೆಯಲ್ಲಿ ಬರೆದ. ಕಲಿಸಿದವನು ಒಬ್ಬ, ಬರೆದವನು ಇನ್ನೊಬ್ಬ. ಇಬ್ಬರೂ ಒಳ್ಳೆಯವರೇ. ಅದನ್ನು ನೆನಪಿಡು.

ಎರಡು ವರ್ಷವಾಯಿತು. ಕಾರನ್ನು ಪೇಟೆಬೀದಿಗೆ ಬಿಡುವ ದಿನ ಗೊತ್ತಾಯಿತು. ಹೊಸ ಗಾಡಿ ಎಂದಮೇಲೆ ಪೂಜೆ ಆಗಬೇಕಲ್ಲ. ಪೇಟೆಯ ಗುಡಿಯ ಮುಂದೆ ಕಾರನ್ನು ನಿಲ್ಲಿಸಿದರು. ಹೂವಿನ ಹಾರ ಹಾಕಿದರು, ಕುಂಕುಮ ಹಚ್ಚಿದರು, ಕಾಯಿ ಒಡೆದರು. ಊರಿಗೆ ಊರೇ ಸೇರಿತ್ತು. ಗುಡಿಯ ಎದುರು ಒಬ್ಬ ಮುದುಕಿ ಬುಟ್ಟಿಯಲ್ಲಿ ನಿಂಬೆಹಣ್ಣು ಮಾರುತ್ತಿದ್ದಳು. ಅವಳಿಂದ ಎರಡು ಹಣ್ಣು ತಂದು ಪೂಜಾರಿ ಮುಂದಿನ ಎರಡು ಚಕ್ರಗಳ ಎದುರಿಗೆ ಇಟ್ಟ. ಗಾಡಿ ಹಣ್ಣನ್ನು ತುಳಿದು ಹೊರಟರೆ ದೃಷ್ಟಿ ಕಳೆಯಿತು ಎಂದು ಲೆಕ್ಕ. ನೀನೂ ನೋಡಿದ್ದೀಯೆ.

"ಹೊರಡಲಿ" ಎಂದ ವ್ಯಾಪಾರಿ.

ಕಾರು ಹೊರಡಲಿಲ್ಲ.

ಜನ ಕಾದರು. ಗಾಡಿ ಕೆಟ್ಟಿತು ಎಂದು ಯಾರೋ ಹೇಳಿದರು. ಪೂಜಾರಿ ಬಗ್ಗಿ, ಹಣ್ಣು ದೂರವಾಯಿತೇನೋ ಎಂದು ಅವನ್ನು ಚಕ್ರದ ಹತ್ತಿರಕ್ಕೆ ಸರಿಸಿದ. ಆಗ ಕಾರು ಮೆಲ್ಲಗೆ ಒಂದು ಗೇಣು ಹಿಂದಕ್ಕೆ ಸರಿಯಿತು.

ಮಹಾಲಿಂಗ, ಈ ಕತೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇಲ್ಲಿಗೆ ಬಂದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ನಾವು ಎಷ್ಟು ಗಾಡಿಗಳನ್ನು ಕಂಡಿದ್ದೇವೆ! ಎಷ್ಟು ಹಣ್ಣು ಚಕ್ರಕ್ಕೆ ಸಿಕ್ಕಿ ಪಚ್ಚೆಂದು ಒಡೆದಿವೆ! ಒಡೆದ ಸದ್ದಿಗೆ ನಾವೇ ಚಪ್ಪಾಳೆ ತಟ್ಟಿದ್ದೇವೆ. ಒಂದು ಹಣ್ಣು ದಾರಿಯಲ್ಲಿದೆ ಎಂದು ನಿಂತ ಗಾಡಿಯನ್ನು ಯಾರು ಕಂಡಿದ್ದರು? ಅದಕ್ಕೆ ನಿಂಬೆಹಣ್ಣು ಎಂದರೆ ಗೊತ್ತಿಲ್ಲ. ಪೂಜೆ ಗೊತ್ತಿಲ್ಲ. ಎದುರಿಗೆ ಏನೋ ಇದೆ, ಅಷ್ಟೇ ಗೊತ್ತು. ಇದೆ ಎಂಬುದಕ್ಕೇ ಅದು ದಾರಿ ಬಿಟ್ಟು ಹಿಂದೆ ಸರಿಯಿತು.

ಜನ ಗೊಳ್ಳೆಂದು ನಕ್ಕರು. ಹಣ್ಣಿನ ಮುದುಕಿ ನಗಲಿಲ್ಲ. ಬಾಯಿಯ ಮೇಲೆ ಕೈಯಿಟ್ಟುಕೊಂಡು ನೋಡಿದಳು. ತನ್ನ ಹಣ್ಣಿಗೆ ಇಂಥ ಗಾಡಿ ನಿಂತಿತು ಎಂದು ಅವಳಿಗೆ ಹಿಗ್ಗೋ ಹಿಗ್ಗು. ಅದನ್ನು ಹೇಳದೆ ಇರಲು ಅವಳಿಂದ ಆಗಲಿಲ್ಲ. ಬುಟ್ಟಿ ಎತ್ತಿಕೊಂಡು ಹೂವಿನವರ ಸಾಲಿಗೆ ಹೇಳಲು ಹೊರಟೇಹೋದಳು. ಮುಂದೆ ಆದದ್ದನ್ನು ಅವಳು ನೋಡಲಿಲ್ಲ.

ಚಾಲಕ ಜನರ ನಡುವೆ ನಿಂತಿದ್ದ. ಅವನು ಕಾರಿಗೆ ಕೈ ಮುಗಿದ.

ವ್ಯಾಪಾರಿಯ ಮುಖ ಕಪ್ಪಿಟ್ಟಿತು. "ಪೂಜೆಯ ಹೊತ್ತಿನಲ್ಲೇ ಹಿಂದಕ್ಕೆ ಹೋದ ಗಾಡಿಯನ್ನು ನಾಳೆ ಯಾರು ಹತ್ತುತ್ತಾರೆ?" ಎಂದು ಯಂತ್ರಕಾರನನ್ನು ಕೇಳಿದ. ರಾಹುಕಾಲಕ್ಕೆ ಇನ್ನು ಕಾಲುಗಂಟೆ ಇದೆ ಎಂದು ಪೂಜಾರಿ ನೆನಪಿಸಿದ. ಯಂತ್ರಕಾರ ಯೋಚಿಸಿದ. ಅದೇನು ದೊಡ್ಡ ಕೆಲಸವಲ್ಲ ಎಂದು ಅವನಿಗೆ ತಿಳಿದಿತ್ತು. ಚಿಕ್ಕದು, ದುಂಡಗಿನದು, ಹಳದಿಯದು ನೆಲದ ಮೇಲಿದ್ದರೆ ಅದು ಇಲ್ಲವೆಂದು ತಿಳಿ ಎಂದು ಕಾರಿಗೆ ಹೇಳಿಕೊಟ್ಟರೆ ಆಯಿತು.

ಚಾಲಕ ಮುಂದೆ ಬಂದ. "ಹಣ್ಣು ನಾನು ತುಳೀತೀನಿ ಸ್ವಾಮಿ. ಅದಕ್ಕೆ ತುಳಿಯೋದು ಕಲಿಸಬೇಡಿ" ಎಂದ.

"ಒಂದು ನಿಂಬೆಹಣ್ಣು ತಾನೇ ಯಜಮಾನರೇ" ಎಂದ ಯಂತ್ರಕಾರ.

ಕಾಲುಗಂಟೆ ಕೂಡ ಬೇಕಾಗಲಿಲ್ಲ. ಕಾರು ಹೊರಟಿತು, ಹಣ್ಣು ಪಚ್ಚೆಂದಿತು, ಜನ ಚಪ್ಪಾಳೆ ತಟ್ಟಿದರು. ಚಾಲಕನ ಕೈಗೆ ಒಂದು ಶಾಲು ಕೊಟ್ಟು ಇನ್ನು ಬರಬೇಕಾಗಿಲ್ಲ ಎಂದು ಮನೆಗೆ ಕಳಿಸಿದರು.

ಹನ್ನೊಂದು ದಿನ ಕಾರು ಪೇಟೆಬೀದಿಯಲ್ಲಿ ಓಡಾಡಿತು. ಅದೊಂದು ನೋಡುವ ಹಬ್ಬ. ಬೀದಿಯ ನಡುವೆ ಮಲಗಿದ ಹಸು ತಾನಾಗಿ ಏಳುವವರೆಗೆ ಕಾಯುತ್ತಿತ್ತು. ಶವದ ಮೆರವಣಿಗೆ ಬಂದರೆ ಅಂಚಿಗೆ ಸರಿದು ನಿಲ್ಲುತ್ತಿತ್ತು. ಕೋಳಿಗೆ ನಿಂತಿತು, ಕುಡುಕನಿಗೆ ನಿಂತಿತು, ಹಾರಿಬಂದ ಒಂದು ಟವೆಲಿಗೂ ನಿಂತಿತು. ಇಂಥ ಸೈರಣೆ ಮನುಷ್ಯರಲ್ಲಿ ಇಲ್ಲವಲ್ಲ ಎಂದು ಜನ ಬೆರಗಾದರು. ಮನೆಮನೆಯಲ್ಲಿ ಅದರದೇ ಮಾತು. ಹಣ್ಣಿನ ಮುದುಕಿಯಂತೂ ಬಂದವರಿಗೆಲ್ಲ ಅದೇ ಕತೆ ಹೇಳಿ ಹಣ್ಣು ಮಾರಿದಳು. "ಬೇರೇದಕ್ಕೆಲ್ಲ ಹ್ಯಾಗೋ ಕಾಣೆ, ನನ್ನ ಹಣ್ಣು ಕಂಡ್ರೆ ಮಾತ್ರ ಅದು ಒಂದು ಹೆಜ್ಜೆ ಮುಂದಕ್ಕಿಡಲ್ಲ" ಎನ್ನುತ್ತಿದ್ದಳು.

ಹನ್ನೆರಡನೆಯ ದಿನ ಸಂತೆ. ಬೀದಿಯ ಅಂಚಿನಲ್ಲಿ ಒಂದು ಕಬ್ಬಿನ ಹಾಲಿನ ಗಾಡಿ ನಿಂತಿತ್ತು. ಅದರ ಹಿಂದೆ ಮುದುಕಿ ಕೂತಿದ್ದಳು. ಯಾರದೋ ಕಾಲು ತಾಗಿ ಬುಟ್ಟಿ ಮಗುಚಿತು. ಹಣ್ಣುಗಳು ಬೀದಿಗೆ ಉರುಳಿದವು. ಕಾರು ಬರುತ್ತಿತ್ತು. ಮುದುಕಿ ಕಾರನ್ನು ನೋಡಿದಳು. ನೋಡಿಯೂ ಹೆದರಲಿಲ್ಲ. ಹಣ್ಣು ಕಂಡಮೇಲೆ ಅದು ನಿಲ್ಲುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಕಬ್ಬಿನ ಗಾಡಿಯ ಮರೆಯಿಂದಲೇ ಬಗ್ಗಿ, ತಲೆಯನ್ನೂ ತೋಳನ್ನೂ ಬೀದಿಗೆ ಚಾಚಿದಳು.

ಕಬ್ಬಿನ ಗಾಡಿ ಅಡ್ಡವಿದ್ದುದರಿಂದ ಕಾರಿಗೆ ಕಂಡದ್ದು ಹಣ್ಣುಗಳು ಮಾತ್ರ. ಚಿಕ್ಕವು, ದುಂಡಗಿನವು, ಹಳದಿಯವು. ಅಂಥವು ಇಲ್ಲವೆಂದು ಅದಕ್ಕೆ ಹೇಳಿಕೊಟ್ಟಿದ್ದರು. ಮೊದಲಿನ ಹಾಗಿದ್ದರೆ ಮೊದಲ ಹಣ್ಣು ಉರುಳಿದಾಗಲೇ ನಿಲ್ಲುತ್ತಿತ್ತು. ಹಣ್ಣಿನ ಹಿಂದೆ ಬರುವ ಕೈ ಕಾಣುವಷ್ಟು ಹೊತ್ತು ಸಿಗುತ್ತಿತ್ತು. ಈಗ ಅದು ಬಂದ ವೇಗದಲ್ಲೇ ಬಂದಿತು. ಒಂದು ಹಣ್ಣು ಒಡೆಯಿತು.

ಚಾಲಕ ಸಂತೆಗೆ ಬಂದಿದ್ದ. ಬೀದಿಯ ಆಚೆ ಬದಿಯಲ್ಲಿದ್ದ ಅವನಿಗೆ ಹಣ್ಣೂ ಕಂಡಿತು, ಮುದುಕಿಯ ತಲೆಯೂ ಕಂಡಿತು. ಕೂಗಿದರೆ ಕೇಳುವ ಗಾಡಿಯಲ್ಲ ಅದು. ಎಳೆದುಕೊಳ್ಳೋಣ ಎಂದರೆ ಮುದುಕಿ ಎದುರು ಬದಿಗಿದ್ದಳು. ಅವನು ಚೀಲ ಬಿಟ್ಟು ಬೀದಿಗೆ ಇಳಿದ. ಬಯಲಿನಲ್ಲಿ ಎರಡು ವರ್ಷ ನಿಂತಂತೆಯೇ ಕಾರಿನ ಎದುರು ನಿಂತು ಕೈ ಎತ್ತಿದ.

ಅವನು ಕಣ್ಣು ಮುಚ್ಚಲಿಲ್ಲ ಎಂದು ನೋಡಿದವರು ಹೇಳುತ್ತಾರೆ.

ಕಾರು ನಿಂತಿತು. ಅವನ ಮೊಣಕಾಲಿಗೂ ಅದಕ್ಕೂ ನಡುವೆ ನಾಲ್ಕು ಬೆರಳು. ಮುದುಕಿಯ ಸೆರಗು ಚಕ್ರದ ಕೆಳಗಿತ್ತು.

ಅಪ್ಪಾ, ಅಲ್ಲಿ ಯಾವುದು ದೊಡ್ಡದು ಎಂದು ನನಗೆ ಇಂದಿಗೂ ತಿಳಿದಿಲ್ಲ. ತಾನು ಕಲಿಸಿದ್ದನ್ನು ನಂಬಿ ಚಕ್ರದ ಎದುರು ನಿಂತ ಆ ಮುದುಕನೋ, ಆ ನಂಬಿಕೆಗೆ ಸರಿಯಾಗಿ ನಿಂತ ಆ ಯಂತ್ರವೋ. ಎರಡನ್ನೂ ನೆನೆದರೆ ನನ್ನ ತಲೆ ತಾನಾಗಿ ಬಾಗುತ್ತದೆ.

ಯಂತ್ರಕಾರ ಓಡಿಬಂದ. ಮುದುಕಿ ಆಗಲೇ ಎದ್ದು, ಸೆರಗು ಎಳೆದುಕೊಂಡು, ಚಾಲಕನನ್ನು ಗದರುತ್ತಿದ್ದಳು. "ನೀನ್ಯಾಕಪ್ಪ ಅಡ್ಡ ಬಂದೆ? ಸಾಯೋ ವಯಸ್ಸಲ್ಲಿ ಇದೇನು ಹುಡುಗಾಟ? ನನ್ನ ಹಣ್ಣಿಗೆ ಅದು ತಾನೇ ನಿಲ್ತಿತ್ತು" ಎಂದಳು.

ಚಾಲಕ ಯಂತ್ರಕಾರನ ಕಡೆ ಒಮ್ಮೆ ನೋಡಿದ. ಯಂತ್ರಕಾರ ಬಗ್ಗಿ, ಒಡೆದ ಹಣ್ಣನ್ನು ಅವಳ ಕಣ್ಣಿಗೆ ಬೀಳುವ ಮೊದಲೇ ಎತ್ತಿಕೊಂಡು ಮುಷ್ಟಿಯಲ್ಲಿ ಮುಚ್ಚಿಟ್ಟ. ಅದರ ರಸ ಬೆರಳ ಸಂದಿಯಿಂದ ಸುರಿಯಿತು.

ಅಂದೇ ಕಾರನ್ನು ಬೇಲಿಯೊಳಕ್ಕೆ ತಂದ. ವ್ಯಾಪಾರಿ ಕೂಗಾಡಿದ. ಯಂತ್ರಕಾರ ಬೇಲಿಯ ಬಾಗಿಲು ಹಾಕಿದ. ಹಣ್ಣಿನ ಪಾಠವನ್ನು ಅಳಿಸಲು ಕೂತಾಗ ಅವನಿಗೆ ಹೊಸ ಹೆದರಿಕೆ ಹುಟ್ಟಿತು. ಇದೊಂದೇ ಅಲ್ಲ, ಅವಸರದಲ್ಲಿ ಇನ್ನೂ ಎಷ್ಟು ಸಂಗತಿಗಳನ್ನು ಇಲ್ಲವೆಂದು ಹೇಳಿಕೊಟ್ಟಿದ್ದೇನೋ ಎಂದು ಹುಡುಕತೊಡಗಿದ. ಹುಡುಕಿದಷ್ಟೂ ಸಿಕ್ಕಿದವು. ಒಂದೊಂದನ್ನೂ ಅಳಿಸಿದ. ಬಹಳ ತಿಂಗಳು ಹಿಡಿಯಿತು. ಕೊನೆಗೆ ಒಂದು ಬೆಳಿಗ್ಗೆ ಚಾಲಕನನ್ನು ಕರೆಸಿದ. ವ್ಯಾಪಾರಿಯನ್ನು ಕರೆಯಲಿಲ್ಲ, ಪೂಜಾರಿಯನ್ನೂ ಕರೆಯಲಿಲ್ಲ. ಇಬ್ಬರೂ ಸೇರಿ ಕಾರಿನ ಮುಂದೆ ಒಂದು ನಿಂಬೆಹಣ್ಣು ಇಟ್ಟರು. ಬೇಲಿಯ ಪಕ್ಕಕ್ಕೆ ಹೋಗಿ ನಿಂತರು.

ಕಾರು ಮೆಲ್ಲಗೆ ಬಂತು, ಹಣ್ಣಿನ ಎದುರು ನಿಂತಿತು.

ಈ ಸಲ ಇಬ್ಬರೂ ಕೈ ಮುಗಿದರು.

ಗುರುಗಳು ಕತೆ ನಿಲ್ಲಿಸಿದರು. ಮಹಾಲಿಂಗ "ಆಮೇಲೆ ಅದನ್ನು ರಸ್ತೆಗೆ ಬಿಟ್ಟರೇ ಬುದ್ಧಿ?" ಎಂದು ಕೇಳಿದ.

ಗುರುಗಳು ಅವನ ಚೀಲದ ಕಡೆ ನೋಡಿದರು.

"ನಿನ್ನ ಕಾರು ಮೊದಲು ವಿನಾಕಾರಣ ನಿಲ್ಲುತ್ತಿತ್ತು ಎಂದೆಯಲ್ಲ, ಏನನ್ನು ಕಂಡು ನಿಲ್ಲುತ್ತಿತ್ತು?"

"ಅದನ್ನು ನಾವು ನೋಡಲೇ ಇಲ್ಲ ಬುದ್ಧಿ" ಎಂದ ಮಹಾಲಿಂಗ. ಕಾಗದವನ್ನು ಚೀಲದ ತಳಕ್ಕೆ ತಳ್ಳಿದ.